ಸೀಸದ ಕಡ್ಡಿಯಲ್ಲಿ ಸೀಸ ಇಲ್ಲ, ನಮ್ಮ ನಲ್ಲಿ ಪೈಪಿನಲ್ಲಿ?

ಈ ವಾರದ ಎಪಿಸೋಡ್ ಶುರುವಾಗಿದ್ದು ನಮ್ಮಮ್ಮನ ಬೈಗುಳದಿಂದ.

ದಾವಣಗೆರೆಯಲ್ಲಿ ನಮ್ಮ ಮನೆ ಕಟ್ಟಿಸಿದ್ದು 1994ರಲ್ಲಿ. ಕಳೆದ ಯುಗಾದಿ ಹೊತ್ತಿಗೆ ಬಚ್ಚಲುಮನೆ ನಲ್ಲಿ ಎಷ್ಟು ಸಣ್ಣಗೆ ಬರ್ತಿತ್ತು ಅಂದ್ರೆ, ಒಂದು ಬಕೆಟ್ ತುಂಬೋದರೊಳಗೆ ಐಪಿಎಲ್‌ನ ಎರಡು ಓವರ್ ನೋಡಿ ಮುಗಿಸಬಹುದಿತ್ತು. "ಹಬ್ಬದ ದಿನ ಎಣ್ಣೆ ಸ್ನಾನಕ್ಕೆ ನೀರಿಲ್ಲ, ನೀನು ಮೈಕ್ ಮುಂದೆ ಕೂತು ಊರಿಗೆಲ್ಲ ಇತಿಹಾಸ ಹೇಳ್ಕೊಂಡಿರು" ಅಂದ್ರು ಅಮ್ಮ. ಹಬ್ಬ ಮುಗಿದ ಮಾರನೇ ದಿನ ಪ್ಲಂಬರ್ ಬಂದ್ರು. ಅರವತ್ತರ ಹತ್ತಿರದ ವಯಸ್ಸು, ಜೇಬಿನಲ್ಲಿ ಬೀಡಿ ಕಟ್ಟು, ಕೈಯಲ್ಲಿ ಪೈಪ್ ರೆಂಚು. ಗೋಡೆ ಒಡೆದು, ಹಳೇ ಜಿಐ ಪೈಪಿನ ಒಂದು ಗೇಣು ಕೊಯ್ದು ನನ್ನ ಕೈಗಿಟ್ಟರು.

"ನೋಡ್ರಿ, ಇದ್ರಾಗೆ ನೀರು ಎಲ್ಲಿಂದ ಬರ್ಬೇಕು?"

ಮುಕ್ಕಾಲು ಇಂಚಿನ ಪೈಪು. ಒಳಗೆ ಸುತ್ತಲೂ ಕಂದು ಬಣ್ಣದ ತುಕ್ಕು, ಅದರ ಮೇಲೆ ಬಿಳಿ ಸುಣ್ಣದ ಹೊಪ್ಪಳಿಕೆ. ನಡುವೆ ಉಳಿದಿದ್ದ ತೂತಿನಲ್ಲಿ ಒಂದು ಸೀಸದ ಕಡ್ಡಿ ತೂರಿಸಬಹುದಿತ್ತು, ಅಷ್ಟೇ. ಸೀಸದ ಕಡ್ಡಿ ಅಂದ್ರೆ ಪೆನ್ಸಿಲ್. ನಮ್ಮಜ್ಜ ಹಾಗೇ ಅಂತಿದ್ರು.

ಆಗ ನಮ್ಮಕ್ಕ ಐದು ತಿಂಗಳ ಮಗು ಎತ್ಕೊಂಡು ಅಲ್ಲೇ ನಿಂತಿದ್ದಳು. ಪೈಪಿನ ತುಂಡು ನೋಡಿ ಮುಖ ಕಿವುಚಿ ಒಂದೇ ಪ್ರಶ್ನೆ ಕೇಳಿದಳು: "ಲೋ, ಪಾಪುಗೆ ಹಾಲಿನ ಪುಡಿ ಕಲಸೋದು ಇದೇ ನೀರಲ್ಲಲ್ವೇನೋ?"

ನಾನು ಓದಿದ್ದು ಬಿಕಾಂ. ಡೆಬಿಟ್, ಕ್ರೆಡಿಟ್ ಕೇಳಿದ್ರೆ ಹೇಳ್ತೀನಿ. ಪೈಪು ನನಗೇನು ಗೊತ್ತು? ಆದರೆ ಅಕ್ಕನ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಓದ್ತಾ ಹೋದೆ. ಹಾಗೆ ಓದುವಾಗ ಗೊತ್ತಾದ ಮೊದಲ ವಿಷಯ: ಸೀಸದ ಕಡ್ಡಿಯಲ್ಲಿ ಸೀಸ ಇಲ್ವೇ ಇಲ್ಲ, ಇರೋದು ಗ್ರಾಫೈಟ್. ಹಿಂದಿನವರು ಗ್ರಾಫೈಟನ್ನೇ ಸೀಸ ಅಂದ್ಕೊಂಡು ಇಟ್ಟ ಹೆಸರು ಅದು. ಸೀಸ ಇದ್ದದ್ದು ಬೇರೆ ಕಡೆ, ನೀರಿನ ಪೈಪಿನಲ್ಲಿ.

ಸೀಸಕ್ಕೆ ಲ್ಯಾಟಿನ್ ಭಾಷೆಯಲ್ಲಿ ಪ್ಲಂಬಮ್ ಅಂತಾರೆ. ರಸಾಯನಶಾಸ್ತ್ರದಲ್ಲಿ ಅದರ ಚಿಹ್ನೆ ಪಿ ಬಿ ಆಗಿರೋದು ಅದಕ್ಕೇ. ಆ ಪದದಿಂದಲೇ ಪ್ಲಂಬರ್ ಬಂತು, ಅಂದ್ರೆ ಸೀಸದ ಕೆಲಸದವನು. ನಮ್ಮನೆಗೆ ಬಂದ ಬೀಡಿ ಕಟ್ಟಿನ ಅಣ್ಣನ ಕಸುಬಿನ ಹೆಸರಿನಲ್ಲೇ ಎರಡು ಸಾವಿರ ವರ್ಷದ ಒಂದು ಲೋಹ ಇದೆ.

ಪ್ರಾಚೀನ ರೋಮ್ ನಗರಕ್ಕೆ ದೂರದ ಬೆಟ್ಟಗಳಿಂದ ಕಲ್ಲಿನ ಕಾಲುವೆಗಳಲ್ಲಿ ನೀರು ಬರ್ತಿತ್ತು. ಊರೊಳಗೆ ಹಂಚೋದಕ್ಕೆ ಸೀಸದ ಪೈಪು. ಯಾಕೆ ಸೀಸ? ಕಮ್ಮಿ ಬಿಸಿಗೆ ಕರಗುತ್ತೆ, ಬಡಿದರೆ ಹಾಳೆ ಆಗುತ್ತೆ, ಹಾಳೆ ಸುತ್ತಿ ಬೆಸೆದರೆ ಪೈಪಾಗುತ್ತೆ. ಬೇಕಾದ ಹಾಗೆ ಬಗ್ಗಿಸಬಹುದು, ತುಕ್ಕು ಹಿಡಿಯಲ್ಲ. ಕೆಲಸಗಾರನ ದೃಷ್ಟಿಯಿಂದ ನೋಡಿದ್ರೆ ಇದಕ್ಕಿಂತ ಒಳ್ಳೇ ಸಾಮಾನಿಲ್ಲ.

ಆದರೆ ಅದು ವಿಷ ಅಂತ ಆಗಲೇ ಗೊತ್ತಿತ್ತು! ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ವಿಟ್ರೂವಿಯಸ್ ಅನ್ನೋ ರೋಮನ್ ವಾಸ್ತುಶಿಲ್ಪಿ ಬರೆದಿಟ್ಟಿದ್ದಾನೆ: ಸೀಸದ ಪೈಪಿನ ನೀರಿಗಿಂತ ಮಣ್ಣಿನ ಪೈಪಿನ ನೀರು ಆರೋಗ್ಯಕ್ಕೆ ಒಳ್ಳೇದು, ಅನುಮಾನ ಇದ್ರೆ ಸೀಸ ಕರಗಿಸೋರ ಮೈಬಣ್ಣ ಹೇಗೆ ಬಿಳಿಚಿಕೊಂಡಿರುತ್ತೆ ನೋಡಿ ಅಂತ. ಎರಡು ಸಾವಿರ ವರ್ಷ ಹಿಂದೆ! ಯಾರೂ ಕೇಳಲಿಲ್ಲ.

"ಸೀಸದ ನೀರು ಕುಡಿದು ರೋಮ್ ಸಾಮ್ರಾಜ್ಯವೇ ಬಿತ್ತು" ಅಂತ ವಾಟ್ಸ್ಯಾಪ್‌ನಲ್ಲಿ ಓದಿರ್ತೀರಿ. ಅದನ್ನ ಫಾರ್ವರ್ಡ್ ಮಾಡಬೇಡಿ. 2014ರಲ್ಲಿ ವಿಜ್ಞಾನಿಗಳು ಟೈಬರ್ ನದಿ ಮುಖದ ಹಳೇ ಬಂದರಿನ ಕೆಸರು ಪರೀಕ್ಷೆ ಮಾಡಿದ್ರು. ರೋಮಿನ ನಲ್ಲಿ ನೀರಿನಲ್ಲಿ ಅಲ್ಲಿನ ಊಟೆಯ ನೀರಿಗಿಂತ ಸುಮಾರು ನೂರು ಪಟ್ಟು ಸೀಸ ಇತ್ತು ಅಂತ ಲೆಕ್ಕ ಸಿಕ್ಕಿತು. ಆದರೆ ಸಾಮ್ರಾಜ್ಯ ಬೀಳಿಸೋ ಮಟ್ಟಕ್ಕೆ ಅದು ಸಾಲದು ಅಂತ ಅವರೇ ಹೇಳಿದ್ರು. ಇದರಲ್ಲಿ ನನಗೆ ಇಷ್ಟವಾದ ವಿಷಯ ಏನು ಗೊತ್ತಾ? ರೋಮಿಗೆ ಬರ್ತಿದ್ದದ್ದು ಗಡಸು ನೀರು, ಸುಣ್ಣದ ಅಂಶ ಜಾಸ್ತಿ ಇರೋ ನೀರು. ಆ ಸುಣ್ಣ ಪೈಪಿನ ಒಳಗೋಡೆಗೆ ಕಟ್ಟಿಕೊಂಡು ನೀರಿಗೂ ಸೀಸಕ್ಕೂ ನಡುವೆ ಒಂದು ಪರದೆ ಆಗ್ತಿತ್ತು. ನಮ್ಮನೆ ಬೋರ್‌ವೆಲ್ ನೀರಿನ ಸುಣ್ಣ ಅಮ್ಮನಿಗೆ ಶತ್ರು, ಅದೇ ಸುಣ್ಣ ರೋಮಿನವರಿಗೆ ಗೋಡೆಯೊಳಗಿನ ಕಾವಲುಗಾರ.

ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ. ಪೈಪಿನಿಂದ ಅಪಾಯ ಬರೋದು ಪೈಪಿನ ಸಾಮಾನಿನಿಂದ ಮಾತ್ರ ಅಲ್ಲ, ಅದರೊಳಗೆ ಹರಿಯೋ ನೀರು ಎಂಥದ್ದು ಅನ್ನೋದರ ಮೇಲೂ ನಿಂತಿರುತ್ತೆ. 1880ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಜನಕ್ಕೆ ಸೀಸದ ವಿಷ ಏರಿದ್ದು ಹೀಗೇ. ಅಲ್ಲಿ ಬರ್ತಿದ್ದದ್ದು ಗುಡ್ಡದ ಮೇಲಿನ ಮೆದು ನೀರು, ಸ್ವಲ್ಪ ಆಮ್ಲೀಯ. ಸುಣ್ಣ ಕಟ್ಟಲಿಲ್ಲ, ಪೈಪೇ ಕರಗಿ ನೀರಿಗಿಳೀತು.

ಹಾಗಾದ್ರೆ ವಿಟ್ರೂವಿಯಸ್ ಮಾತನ್ನ ಯಾರೂ ಪಾಲಿಸಲೇ ಇಲ್ವಾ? ಅವನ ಪುಸ್ತಕ ಓದದೇ ಪಾಲಿಸಿದೋರು ನಮ್ಮ ಕಡೆಯೇ ಇದ್ರು. ವಿಜಯಪುರಕ್ಕೆ ಹೋದ್ರೆ ಗೋಳಗುಮ್ಮಟದಲ್ಲಿ ಕೂಗಿ, ಫೋಟೋ ಹೊಡ್ಕೊಂಡು ವಾಪಸ್ ಬರಬೇಡಿ. ಊರಲ್ಲಿ ಅಲ್ಲಲ್ಲಿ ಚೌಕಾಕಾರದ ಕಲ್ಲುಗಾರೆಯ ಗೋಪುರಗಳಿವೆ. ಗಂಜ್ ಅಂತಾರೆ. ಆದಿಲ್‌ಶಾಹಿಗಳ ಕಾಲದ ನೀರಿನ ವ್ಯವಸ್ಥೆ ಅದು. 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಬೇಗಂ ತಲಾಬ್‌ನಿಂದ ಊರೊಳಕ್ಕೆ ಸುಟ್ಟ ಮಣ್ಣಿನ ಪೈಪುಗಳಲ್ಲಿ ನೀರು ಬರ್ತಿತ್ತು. ಮಣ್ಣಿನ ಪೈಪಿಗೆ ಇರೋ ತೊಂದರೆ ಒಂದೇ, ಒತ್ತಡ ತಡೆಯಲ್ಲ, ಒಡೆದುಹೋಗುತ್ತೆ. ಅದಕ್ಕೆ ಪೈಪಿನ ಸುತ್ತ ಗಾರೆ ಕಟ್ಟಿದ್ರು, ದಾರಿಯುದ್ದಕ್ಕೂ ಈ ಗೋಪುರಗಳನ್ನ ನಿಲ್ಲಿಸಿದ್ರು. ನೀರು ಗೋಪುರದೊಳಗೆ ಮೇಲೇರಿ ಒತ್ತಡ ಇಳಿಸಿಕೊಂಡು, ಕೆಸರು ತಳಕ್ಕೆ ಬಿಟ್ಟು ಮುಂದೆ ಹೋಗ್ತಿತ್ತು. ಸಾಮಾನಿನ ದೌರ್ಬಲ್ಯಕ್ಕೆ ವಿನ್ಯಾಸದಲ್ಲಿ ಉತ್ತರ. ನಾನು ಎರಡು ಸಲ ವಿಜಯಪುರಕ್ಕೆ ಹೋಗಿದ್ದೆ, ಎರಡು ಸಲವೂ ಅದನ್ನ ಯಾವುದೋ ಹಳೇ ಕಾವಲು ಗೋಪುರ ಅಂದ್ಕೊಂಡು ಬಂದಿದ್ದೆ.

ಮರದ ಪೈಪಿನ ಕತೆಯನ್ನ ಓಡ್ತಾ ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ನಮ್ಮ ಬಿಕಾಂನವರಿಗೊಂದು ಮಸಾಲೆ ಇದೆ. 1799ರಲ್ಲಿ ನ್ಯೂಯಾರ್ಕ್‌ಗೆ ಕುಡಿಯೋ ನೀರು ಕೊಡ್ತೀವಿ ಅಂತ ಆರನ್ ಬರ್ ಅನ್ನೋ ರಾಜಕಾರಣಿ ಮ್ಯಾನ್ಹಟನ್ ಕಂಪನಿ ಶುರುಮಾಡಿದ. ಕಂಪನಿಯ ಪರವಾನಗಿಯಲ್ಲಿ ಒಂದು ಸಣ್ಣ ಸಾಲು: ಉಳಿದ ಬಂಡವಾಳವನ್ನ ಬೇರೆ ವ್ಯವಹಾರಕ್ಕೂ ಬಳಸಬಹುದು. ಮರದ ದಿಮ್ಮಿಗಳ ನಡುವೆ ತೂತು ಕೊರೆದು ಒಂದಿಷ್ಟು ಪೈಪು ಹೂಳಿದ್ರು, ಉಳಿದ ದುಡ್ಡಲ್ಲಿ ಬ್ಯಾಂಕ್ ತೆರೆದ್ರು. ನೀರು ಅಷ್ಟಕ್ಕಷ್ಟೇ, ಬ್ಯಾಂಕ್ ಮಾತ್ರ ಜೋರಾಗಿ ನಡೀತು. ಇವತ್ತಿನ ಜೆಪಿ ಮಾರ್ಗನ್ ಚೇಸ್‌ನ ಹಳೇ ಬೇರುಗಳಲ್ಲಿ ಒಂದು ಅದು. ನೀರಿನ ಹೆಸರಲ್ಲಿ ಬೇರೇನೋ ಮಾಡೋದು ನಮ್ಮೂರ ಟ್ಯಾಂಕರ್‌ನವರು ಕಂಡುಹಿಡಿದದ್ದಲ್ಲ.

ಆಮೇಲೆ ಬಂದದ್ದು ಎರಕದ ಕಬ್ಬಿಣ. ಫ್ರಾನ್ಸಿನ ರಾಜ 14ನೇ ಲೂಯಿ ವರ್ಸೈಲ್ಸ್ ಅರಮನೆಯ ಕಾರಂಜಿಗಳಿಗೆ 17ನೇ ಶತಮಾನದಲ್ಲೇ ಕಬ್ಬಿಣದ ಪೈಪು ಹಾಕಿಸಿದ್ದ. ಊರುಗಳಿಗೆಲ್ಲ ಅದು ಬಂದಿದ್ದು 19ನೇ ಶತಮಾನದಲ್ಲಿ, ಉಗಿ ಯಂತ್ರದ ಪಂಪು ಬಂದು ನೀರಿನ ಒತ್ತಡ ಜಾಸ್ತಿ ಆದಮೇಲೆ. ನಮ್ಮ ಬೆಂಗಳೂರಿನ ಲೆಕ್ಕ ತಗೊಳ್ಳಿ. ಅಲ್ಲೀವರೆಗೂ ಕೆರೆ, ಬಾವಿ, ಕಲ್ಯಾಣಿಗಳ ಮೇಲೆ ಬದುಕಿದ್ದ ಊರು. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟ ಕೆರೆಯಿಂದ ನೀರು ತಂದರು. ಹೆಸರಘಟ್ಟದಿಂದ ಸೋಲದೇವನಹಳ್ಳಿಯವರೆಗೆ ಇಟ್ಟಿಗೆಯ ಕಾಲುವೆಯಲ್ಲಿ ತಾನಾಗೇ ಹರಿದು ಬಂದ ನೀರನ್ನ ಅಲ್ಲಿಂದ ಮುಂದೆ ಉಗಿ ಪಂಪುಗಳು ಊರಿಗೆ ತಳ್ಳುತ್ತಿದ್ದವು. ಪಂಪು ತಳ್ಳೋ ಒತ್ತಡ ತಡೆಯೋದಕ್ಕೆ ಮಣ್ಣಿನ ಪೈಪು ಸಾಲಲ್ಲ, ಕಬ್ಬಿಣವೇ ಬೇಕು.

ಆ ಕಾಲದಲ್ಲಿ ಹೆಚ್ಚಾಗಿ ಕಬ್ಬಿಣದ ಪೈಪುಗಳನ್ನ ಒಂದಕ್ಕೊಂದು ಸೇರಿಸ್ತಿದ್ದದ್ದು ಹೇಗೆ ಅಂದ್ರೆ, ಒಂದರ ಬಾಯೊಳಗೆ ಇನ್ನೊಂದರ ತುದಿ ತೂರಿಸಿ, ಸಂದಿಗೆ ಸೆಣಬಿನ ಹುರಿ ತುಂಬಿ, ಮೇಲಿಂದ ಕರಗಿದ ಸೀಸ ಹುಯ್ದು, ಉಳಿಯಿಂದ ಬಡಿದು ಗಟ್ಟಿ ಮಾಡ್ತಿದ್ರು. ಪೈಪು ಕಬ್ಬಿಣದ್ದಾದ್ರೂ ಕೀಲಿನಲ್ಲಿ ಸೀಸ ಉಳೀತು. ಅಲ್ಲಿ ಅದು ನೀರಿಗೆ ತಾಗೋದು ತೀರಾ ಕಮ್ಮಿ, ಹೆದರಬೇಕಾಗಿಲ್ಲ. ಆದ್ರೂ ನನಗೆ ಒಂಥರಾ ಅನಿಸಿತು. ಬಾಗಿಲಿಂದ ಕಳಿಸಿದ್ರೆ ಕಿಟಕಿಯಿಂದ ಬರೋ ನೆಂಟನ ಹಾಗೆ.

ಮನೆಯೊಳಗಿನ ಸಣ್ಣ ಪೈಪಿಗೆ ಉತ್ತರ ಕೊಟ್ಟದ್ದು ಜಿಐ, ಗ್ಯಾಲ್ವನೈಸ್ಡ್ ಐರನ್. ಕಬ್ಬಿಣಕ್ಕೆ ಸತುವಿನ ಲೇಪ. 1837ರಲ್ಲಿ ಫ್ರಾನ್ಸಿನ ಸೊರೆಲ್ ಅನ್ನೋ ಎಂಜಿನಿಯರ್ ಇದರ ಪೇಟೆಂಟ್ ತಗೊಂಡ. ಸತು ತಾನು ಸವೆದು ಕಬ್ಬಿಣವನ್ನ ಕಾಯುತ್ತೆ. ಆದರೆ ಸವೆದು ಮುಗಿದ ಮೇಲೆ? ತುಕ್ಕು. ತುಕ್ಕಿನ ಒರಟು ಮೈಮೇಲೆ ಸುಣ್ಣ. ಮೂವತ್ತು ವರ್ಷ ಆದಮೇಲೆ ಸೀಸದ ಕಡ್ಡಿಯಷ್ಟು ತೂತು. ಅಂದಹಾಗೆ ಹಿಂದೆಲ್ಲ ಲೇಪಕ್ಕೆ ಬಳಸ್ತಿದ್ದ ಸತುವಿನಲ್ಲೂ ಶೇಕಡಾ ಒಂದರ ಆಸುಪಾಸು ಸೀಸ ಬೆರೆತಿರ್ತಿತ್ತು. ನೆಂಟ ಮತ್ತೆ ಹಾಜರ್.

ತಾಮ್ರದ ಪೈಪು ನಮ್ಮ ಕಡೆ ಮನೆ ಕೆಲಸಕ್ಕೆ ಅಷ್ಟಾಗಿ ಬರಲಿಲ್ಲ, ದುಬಾರಿ. ಅಮೆರಿಕ, ಯುರೋಪಿನಲ್ಲಿ ಬಹಳ ಕಾಲ ಅದೇ ರಾಜ ಆಗಿತ್ತು. ಆದರೆ ಅದನ್ನ ಬೆಸೀತಿದ್ದ ಸಾಲ್ಡರ್‌ನಲ್ಲಿ ಅರ್ಧಕ್ಕರ್ಧ ಸೀಸ ಇರ್ತಿತ್ತು. ಹಿತ್ತಾಳೆ ನಲ್ಲಿಗಳಲ್ಲೂ ಅಷ್ಟೇ, ಲೇತ್ ಮೇಲೆ ಸಲೀಸಾಗಿ ಕಡೆಯೋದಕ್ಕೆ ಅಂತ ಸ್ವಲ್ಪ ಸೀಸ ಸೇರಿಸ್ತಿದ್ರು. ಇಲ್ಲೊಂದು ತಮಾಷೆ ಕೇಳಿ. 1986ರಲ್ಲಿ ಅಮೆರಿಕ ಕುಡಿಯೋ ನೀರಿಗೆ ಹೊಸದಾಗಿ ಸೀಸದ ಪೈಪು ಹಾಕೋದನ್ನ ನಿಷೇಧಿಸಿತು, ಇನ್ಮುಂದೆ ಎಲ್ಲ "ಲೆಡ್ ಫ್ರೀ" ಇರಬೇಕು ಅಂದಿತು. ಆ ಕಾನೂನಿನ ಪ್ರಕಾರ ಪೈಪು, ನಲ್ಲಿಗಳಲ್ಲಿ ಲೆಡ್ ಫ್ರೀ ಅಂದ್ರೆ ಎಷ್ಟು ಗೊತ್ತಾ? ಶೇಕಡಾ 8ರವರೆಗೆ ಸೀಸ! ಅದನ್ನ 0.25ಕ್ಕೆ ಇಳಿಸಿದ್ದು 2014ರಲ್ಲಿ. ನಮ್ಮ ಕಾಲೇಜಿನ ಆಡಿಟಿಂಗ್ ಮೇಡಂ ಒಂದು ಮಾತು ಹೇಳ್ತಿದ್ರು, ಮೊತ್ತ ನೋಡೋ ಮುಂಚೆ ವ್ಯಾಖ್ಯೆ ನೋಡ್ರಪ್ಪಾ ಅಂತ. ಅವರು ಹೇಳಿದ್ದು ಇದನ್ನೇ ಅಂತ ಈಗ ಅರ್ಥ ಆಯ್ತು.

1986ರ ತನಕ ಯಾಕೆ ಕಾಯಬೇಕಾಯ್ತು? ಸೀಸದ ವ್ಯಾಪಾರಿಗಳು ಸುಮ್ಮನೆ ಕೂತಿರಲಿಲ್ಲ. 1928ರಲ್ಲಿ ಅಮೆರಿಕದ ಸೀಸ ಕಂಪನಿಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಆ ಸಂಘದವರು ಊರೂರಿಗೆ ಹೋಗಿ ಪ್ಲಂಬರ್‌ಗಳ ಜೊತೆ, ನಗರಸಭೆಗಳ ಜೊತೆ ಮಾತಾಡಿ, ಕಟ್ಟಡದ ನಿಯಮಗಳಲ್ಲೇ ಸೀಸದ ಪೈಪು ಉಳಿಯೋ ಹಾಗೆ ನೋಡ್ಕೊಂಡ್ರು. ಚಿಕಾಗೋದಲ್ಲಂತೂ 1986ರ ತನಕ ಬೀದಿಯಿಂದ ಮನೆಗೆ ಬರೋ ಪೈಪು ಸೀಸದ್ದೇ ಇರಬೇಕು ಅಂತ ನಿಯಮ ಇತ್ತು. ಇವತ್ತು ಆ ಒಂದೇ ಊರಲ್ಲಿ ಸುಮಾರು 4 ಲಕ್ಷ ಸೀಸದ ಸಂಪರ್ಕಗಳಿವೆ.

ಈಗ ಫ್ಲಿಂಟ್. ಅಕ್ಕನ ಪ್ರಶ್ನೆಗೆ ಹತ್ತಿರದ ಕತೆ ಇದೇ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಫ್ಲಿಂಟ್ ಅಮೆರಿಕದ ಮಿಶಿಗನ್ ರಾಜ್ಯದ ಊರು. ಆಗ ಸುಮಾರು ಒಂದು ಲಕ್ಷ ಜನ, ಹೆಚ್ಚಿನವರು ಕಪ್ಪು ಜನಾಂಗದವರು, ಬಡವರು. ಕಾರ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಊರು ಸಾಲದಲ್ಲಿತ್ತು. ರಾಜ್ಯ ಸರ್ಕಾರ ಊರಿನ ಆಡಳಿತವನ್ನ ಒಬ್ಬ ತುರ್ತು ಆಡಳಿತಾಧಿಕಾರಿ ಕೈಗೆ ಕೊಟ್ಟಿತ್ತು. ಅಲ್ಲೀವರೆಗೆ ಡೆಟ್ರಾಯಿಟ್ ನಗರದಿಂದ ಶುದ್ಧೀಕರಿಸಿದ ಕೆರೆ ನೀರು ಕೊಳ್ತಿದ್ರು. ಊರಿನ ನದಿ ನೀರನ್ನೇ ಬಳಸಿದ್ರೆ ಎರಡು ವರ್ಷದಲ್ಲಿ ಸುಮಾರು 50 ಲಕ್ಷ ಡಾಲರ್ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ರು. 2014ರ ಏಪ್ರಿಲ್ 25ರಂದು ನೀರು ಬದಲಾಯ್ತು.

ನದಿ ನೀರಲ್ಲಿ ಸೀಸ ಇರಲಿಲ್ಲ. ಆದರೆ ಆ ನೀರಿನ ಗುಣ ಬೇರೆ, ಕ್ಲೋರೈಡ್ ಜಾಸ್ತಿ, ಲೋಹವನ್ನ ತಿನ್ನೋ ನೀರು. ಡೆಟ್ರಾಯಿಟ್‌ನವರು ನೀರಿಗೆ ಫಾಸ್ಫೇಟ್ ಬೆರೆಸ್ತಿದ್ರು. ಅದು ಪೈಪಿನ ಒಳಗೆ ತೆಳ್ಳಗೆ ಒಂದು ಪೊರೆ ಕಟ್ಟುತ್ತೆ. ರೋಮಿನ ಸುಣ್ಣ ನೆನಪಿದೆಯಲ್ಲ, ಅದೇ ಕೆಲಸ. ಫ್ಲಿಂಟ್‌ನಲ್ಲಿ ಅದನ್ನ ಬೆರೆಸಲಿಲ್ಲ. ಬೆರೆಸಿದ್ರೆ ದಿನಕ್ಕೆ ಸುಮಾರು ನೂರು ಡಾಲರ್ ಖರ್ಚು ಬೀಳ್ತಿತ್ತು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ದಶಕಗಳಿಂದ ಕಟ್ಟಿದ್ದ ಪೊರೆ ಕೆಲವೇ ತಿಂಗಳಲ್ಲಿ ಕಿತ್ತುಬಂತು, ಅದರ ಹಿಂದಿನ ಸೀಸ ನೀರಿಗಿಳೀತು.

ಜನ ಕಂದು ನೀರಿನ ಬಾಟಲಿ ಹಿಡ್ಕೊಂಡು ಸಭೆಗಳಿಗೆ ಹೋದ್ರು. ನೀರು ಚೆನ್ನಾಗಿದೆ ಅಂದ್ರು ಅಧಿಕಾರಿಗಳು. 2014ರ ಅಕ್ಟೋಬರ್‌ನಲ್ಲಿ ಅದೇ ಊರಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆಯವರು, ಈ ನೀರಿನಿಂದ ನಮ್ಮ ಬಿಡಿಭಾಗಗಳಿಗೆ ತುಕ್ಕು ಬರ್ತಿದೆ, ನಮಗೆ ಬೇಡ ಅಂದ್ರು. ಅವರಿಗೆ ಬೇರೆ ಕಡೆಯಿಂದ ನೀರು ಕೊಟ್ಟರು. ಎಂಜಿನ್‌ಗೆ ಆಗದ ನೀರನ್ನ ಜನ ಇನ್ನೂ ಒಂದು ವರ್ಷ ಕುಡಿದ್ರು.

ಲೀಯಾನ್ ವಾಲ್ಟರ್ಸ್ ಅನ್ನೋ ತಾಯಿ ತನ್ನ ಮನೆ ನೀರು ಪರೀಕ್ಷೆ ಮಾಡಿಸಿದರು. ನೂರು ಕೋಟಿ ಭಾಗದಲ್ಲಿ 104 ಭಾಗ ಸೀಸ, ಮತ್ತೊಂದು ಸಲ 397. ಅಮೆರಿಕದಲ್ಲಿ ಕ್ರಮ ತಗೊಳ್ಳಬೇಕಾದ ಮಟ್ಟ ಆಗ 15. ನಮ್ಮ ದೇಶದ ಮಾನಕದಲ್ಲಿ ಮಿತಿ 10. ಆಮೇಲೆ ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ತಂಡ ಅದೇ ಮನೆಯಲ್ಲಿ ತೆಗೆದ ಮಾದರಿಗಳಲ್ಲಿ ಒಂದು 13,200 ತೋರಿಸಿತು. ಅಪಾಯಕಾರಿ ತ್ಯಾಜ್ಯ ಅಂತ ಕರೆಯೋದಕ್ಕೆ 5,000 ಸಾಕು. 2015ರ ಸೆಪ್ಟೆಂಬರ್‌ನಲ್ಲಿ ಮೋನಾ ಹನ್ನಾ-ಅಟಿಶಾ ಅನ್ನೋ ಮಕ್ಕಳ ವೈದ್ಯೆ ರಕ್ತ ಪರೀಕ್ಷೆಗಳ ದಾಖಲೆ ತೆಗೆದು ತೋರಿಸಿದ್ರು. ರಕ್ತದಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳ ಪ್ರಮಾಣ ಶೇಕಡಾ 2.4ರಿಂದ 4.9ಕ್ಕೆ ಏರಿತ್ತು. ಮೊದಲು ಅವರ ಲೆಕ್ಕವೇ ಸರಿಯಿಲ್ಲ ಅಂತ ಸರ್ಕಾರದ ಕಡೆಯವರು ತಳ್ಳಿಹಾಕಿದ್ರು, ಕೆಲವೇ ದಿನಗಳಲ್ಲಿ ಒಪ್ಪಿಕೊಳ್ಳಬೇಕಾಯ್ತು. ಅಕ್ಟೋಬರ್‌ನಲ್ಲಿ ನೀರು ಮತ್ತೆ ಡೆಟ್ರಾಯಿಟ್‌ದೇ ಆಯ್ತು. 50 ಲಕ್ಷ ಉಳಿಸೋದಕ್ಕೆ ಹೋದವರು ಕೊನೆಗೆ ಕಟ್ಟಿಕೊಡಬೇಕಾದ ಪರಿಹಾರ 60 ಕೋಟಿ ಡಾಲರ್‌ಗೂ ಹೆಚ್ಚು.

ಬ್ಯಾಲೆನ್ಸ್ ಶೀಟಿನಲ್ಲಿ ಆ 60 ಕೋಟಿ ಕಾಣುತ್ತೆ. ಮಕ್ಕಳ ಮೂಳೆಯಲ್ಲಿ ಉಳಿದ ಸೀಸ ಕಾಣಲ್ಲ. ಸೀಸವನ್ನ ನಮ್ಮ ದೇಹ ಕ್ಯಾಲ್ಸಿಯಂ ಅಂತ ಮೋಸಹೋಗಿ ಮೂಳೆಯಲ್ಲಿ ಕೂಡಿಟ್ಕೊಳ್ಳುತ್ತೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನ ನಾಲ್ಕೈದು ಪಟ್ಟು ಜಾಸ್ತಿ ಹೀರ್ಕೊಳ್ಳುತ್ತೆ. ಅದು ಮಿದುಳು ಬೆಳೆಯೋದಕ್ಕೇ ಅಡ್ಡ ಬರುತ್ತೆ. ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಮಟ್ಟ ಗೊತ್ತೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಮತ್ತೆ, ಕುದಿಸಿದ್ರೆ ಸೀಸ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಸ್ವಲ್ಪ ಜಾಸ್ತಿಯೇ ಆಗುತ್ತೆ. ಹಾಲಿನ ಪುಡಿ ಕುಡಿಯೋ ಮಗುವಿನ ಇಡೀ ಊಟವೇ ಆ ನೀರು. ಇದನ್ನ ಓದಿದ ರಾತ್ರಿ ಅಕ್ಕನಿಗೆ ಹೇಳಲಿಲ್ಲ ನಾನು.

ನಮ್ಮಲ್ಲಿ ಸೀಸದ ಪೈಪು ಇಲ್ವಲ್ಲ, ಪ್ಲಾಸ್ಟಿಕ್ ಇದೆಯಲ್ಲ ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ.

ಪಿವಿಸಿ ಹುಟ್ಟಿದ್ದು ಬೇಕು ಅಂತ ಅಲ್ಲ. 1872ರಲ್ಲಿ ಜರ್ಮನಿಯ ಬಾವ್‌ಮನ್ ಅನ್ನೋ ರಸಾಯನಶಾಸ್ತ್ರಜ್ಞನ ಗಾಜಿನ ಪಾತ್ರೆಯಲ್ಲಿದ್ದ ಅನಿಲಕ್ಕೆ ಬಿಸಿಲು ತಾಗಿ ಒಳಗೆ ಬಿಳಿ ಗಟ್ಟಿ ಪದಾರ್ಥ ಆಗಿತ್ತು. ಅದನ್ನ ಏನು ಮಾಡೋದು ಅಂತ ಐವತ್ತು ವರ್ಷ ಯಾರಿಗೂ ಹೊಳೀಲಿಲ್ಲ. 1930ರ ದಶಕದಲ್ಲಿ ಜರ್ಮನಿಯವರೇ ಅದರಿಂದ ನೀರಿನ ಪೈಪು ಮಾಡಿದ್ರು. ತುಕ್ಕಿಲ್ಲ, ಹಗುರ, ಗರಗಸದಲ್ಲಿ ಕೊಯ್ದು ಗಮ್ ಹಚ್ಚಿದ್ರೆ ಕೆಲಸ ಮುಗೀತು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 57, ಕ್ಲೋರಿನ್. ಆ ಕ್ಲೋರಿನ್ ಬರೋದು ಉಪ್ಪಿನಿಂದ, ಅಡುಗೆಮನೆ ಉಪ್ಪೇ. ನಮ್ಮ ಕಡೆ ಬೋರ್‌ವೆಲ್ ಬಂದಮೇಲೆ ತೋಟಗಳಿಗೆಲ್ಲ ಇದೇ ಹೋಯ್ತು. ಆಮೇಲೆ ಮನೆಗೆ ಬಂತು. ಬಿಸಿನೀರಿಗೆ ಮಾತ್ರ ಪಿವಿಸಿ ಆಗಲ್ಲ, 60 ಡಿಗ್ರಿ ದಾಟಿದ್ರೆ ಮೆತ್ತಗಾಗುತ್ತೆ. ಅದಕ್ಕೆ ಇನ್ನಷ್ಟು ಕ್ಲೋರಿನ್ ಸೇರಿಸಿ 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಸಿಪಿವಿಸಿ ಮಾಡಿದ್ರು. ಗೀಸರ್‌ನಿಂದ ಬಚ್ಚಲಿಗೆ ಬರೋ ಕೆನೆ ಬಣ್ಣದ ಪೈಪು ಅದೇ, 93 ಡಿಗ್ರಿವರೆಗೂ ತಡೆಯುತ್ತೆ. ಎಲ್ಲ ಪ್ಲಾಸ್ಟಿಕ್ಕೂ ಹೀಗೆ ಗೆಲ್ಲಲಿಲ್ಲ. ಪಾಲಿಬ್ಯುಟಿಲಿನ್ ಅನ್ನೋ ಪೈಪನ್ನ ಅಮೆರಿಕದಲ್ಲಿ 1978ರಿಂದ 1995ರ ತನಕ ಲಕ್ಷಾಂತರ ಮನೆಗೆ ಹಾಕಿದ್ರು, ನೀರಿಗೆ ಹಾಕೋ ಕ್ಲೋರಿನ್‌ಗೇ ಅದು ಬಿರುಕು ಬಿಟ್ಟಿತು. ಸುಮಾರು 95 ಕೋಟಿ ಡಾಲರ್ ಪರಿಹಾರ.

ಈಗ ಪಿವಿಸಿ ಒಳಗಿನ ಗುಟ್ಟು. ಪುಡಿಯನ್ನ ಪೈಪು ಮಾಡ್ಬೇಕಾದ್ರೆ ಯಂತ್ರದಲ್ಲಿ 180 ಡಿಗ್ರಿಗೂ ಮೇಲೆ ಬಿಸಿ ಮಾಡ್ಬೇಕು. ಆ ಬಿಸಿಗೆ ಪಿವಿಸಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡೋದಕ್ಕೆ ಶುರುಮಾಡುತ್ತೆ. ಒಂದ್ಸಲ ಶುರುವಾದ್ರೆ ನಿಲ್ಲಲ್ಲ, ಪೈಪು ಹಳದಿ ಆಗಿ, ಕಂದಾಗಿ, ಹಾಳಾಗುತ್ತೆ. ಅದನ್ನ ತಡೆಯೋದಕ್ಕೆ ಏನಾದ್ರೂ ಬೆರೆಸಲೇಬೇಕು. ಸ್ಟೆಬಿಲೈಸರ್ ಅಂತಾರೆ. ಎಲ್ಲಕ್ಕಿಂತ ಅಗ್ಗದ, ಎಂಥ ಒರಟು ಯಂತ್ರದಲ್ಲೂ ಕೈಕೊಡದ ಸ್ಟೆಬಿಲೈಸರ್ ಯಾವುದು ಹೇಳಿ ನೋಡೋಣ?

ಸೀಸದ ಲವಣ.

ಅಮೆರಿಕದವರು ಪಿವಿಸಿಗೆ ತವರದ ಸಂಯುಕ್ತಗಳನ್ನ ಬಳಸ್ತಿದ್ರು. ಯುರೋಪಿನ ಕಂಪನಿಗಳು ತಾವಾಗೇ ಒಪ್ಪಿಕೊಂಡು 2015ರ ಕೊನೆಗೆ ಸೀಸ ಬಿಟ್ಟವು. ನಮ್ಮಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯ್ತು, ಮಂಡಳಿ ಪರಿಸರ ಸಚಿವಾಲಯಕ್ಕೆ ನಿಯಮ ಮಾಡಿ ಅಂದಿತು. ಪಿವಿಸಿ ಪೈಪಿನಲ್ಲಿ ಸೀಸದ ಸ್ಟೆಬಿಲೈಸರ್ ಬಗ್ಗೆ ಕೇಂದ್ರ ಸರ್ಕಾರದ ನಿಯಮ ಬಂದಿದ್ದು 2021ರಲ್ಲಿ. ವಿಟ್ರೂವಿಯಸ್ ಬರೆದು ಎರಡು ಸಾವಿರ ಚಿಲ್ಲರೆ ವರ್ಷ ಆಗಿತ್ತು. ಈಗ ಕ್ಯಾಲ್ಸಿಯಂ-ಸತು ಸ್ಟೆಬಿಲೈಸರ್ ಬಳಸ್ತಾರೆ.

ಹೆದರಿಸೋದು ನನ್ನ ಉದ್ದೇಶ ಅಲ್ಲ. ಸೀಸ ಪಿವಿಸಿಯೊಳಗೆ ಹೆಚ್ಚುಕಮ್ಮಿ ಕಟ್ಟಿಬಿದ್ದಿರುತ್ತೆ. ನೀರಿಗೆ ಬಿಡೋದು ಮುಖ್ಯವಾಗಿ ಪೈಪು ಹೊಸದಿದ್ದಾಗ, ಮೇಲ್ಮೈಯಿಂದ, ಬರ್ತಾ ಬರ್ತಾ ಕಮ್ಮಿ ಆಗುತ್ತೆ. ಫ್ಲಿಂಟ್‌ನ ಸೀಸದ ಪೈಪಿಗೆ ಇದನ್ನ ಹೋಲಿಸೋದು ತಪ್ಪು. ಆದರೆ ನಮ್ಮನೆಯಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಅಡುಗೆಮನೆಗೆ ಬರೋ ಬಿಳಿ ಪೈಪು 2009ರದ್ದು, ನಿಯಮಕ್ಕಿಂತ ಹನ್ನೆರಡು ವರ್ಷ ಹಳೇದು. ಅದರ ಮೇಲಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿತ್ತು.

ಅಪ್ಪ ಒಪ್ಪಲಿಲ್ಲ. "ಹದಿನೈದು ವರ್ಷ ಇದೇ ನೀರು ಕುಡ್ದೀವಿ, ಏನಾಗಿದೆ ನಮಗೆ?" ಅಂದ್ರು. ಅಕ್ಕ ಮಗುವನ್ನ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, "ಇವಳಿಗೆ ಹದಿನೈದು ವರ್ಷ ಆಗಿಲ್ಲ ಅಪ್ಪಾ" ಅಂದಳು. ಅಲ್ಲಿಗೆ ಮಾತು ಮುಗೀತು. ಇಡೀ ಮನೆಯದ್ದು ಬದಲಾಯಿಸೋ ದುಡ್ಡಿರಲಿಲ್ಲ. ಬಚ್ಚಲಿನ ಜಿಐ, ಅಡುಗೆಮನೆಯ ಪಿವಿಸಿ, ಎರಡು ಲೈನ್ ಮಾತ್ರ ಬದಲಾಯಿಸಿದ್ವಿ. ಅಂಗಡಿಯಲ್ಲಿ ನಾನು ಒಂದೊಂದು ಪೈಪಿನ ಮೇಲಿರೋದನ್ನೂ ಓದ್ತಾ ನಿಂತಿದ್ದು ನೋಡಿ ಅಂಗಡಿಯವರಿಗೆ ನಗು. ನೀವೂ ಓದಿ, ನಗಲಿ ಬಿಡಿ. ಕುಡಿಯೋ ನೀರಿನ ಪಿವಿಸಿ ಪೈಪಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 4985 ಅಂತ ಇರುತ್ತೆ, ಸಿಪಿವಿಸಿ ಮೇಲೆ ಐಎಸ್ 15778. ಹೊಸ ಪೈಪು ಹಾಕಿಸಿದ ಮೇಲೆ ಮೊದಲ ದಿನಗಳಲ್ಲಿ ಒಂದಷ್ಟು ನೀರು ಹರಿಯಬಿಡಿ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನ ಬೆಳಿಗ್ಗೆ ಮೊದಲು ಗಿಡಕ್ಕೆ ಬಿಡಿ, ಆಮೇಲೆ ಕುಡಿಯೋಕೆ ಹಿಡೀರಿ. ಅಡುಗೆಗೆ ಬಿಸಿನೀರಿನ ನಲ್ಲಿ ಬೇಡ, ತಣ್ಣೀರಿಂದೇ ಹಿಡಿದು ಕಾಯಿಸಿ.

ಕೆಲಸ ಮುಗಿದ ಮೂರನೇ ದಿನ ಗುಜರಿಯವನು ಬಂದ. ಜಿಐ ತುಂಡುಗಳನ್ನ ತಕ್ಕಡಿಗೆ ಹಾಕಿ ತೂಗಿದ. ಬಿಳಿ ಪೈಪಿನ ತುಂಡುಗಳನ್ನೂ ಬೇರೆ ಚೀಲಕ್ಕೆ ತುಂಬ್ಕೊಂಡ. ಯುರೋಪಿನಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ, ಹಳೇ ಪಿವಿಸಿ ಕರಗಿಸಿ ಮಾಡೋ ಹೊಸ ಸಾಮಾನಿನಲ್ಲಿ ಸೀಸ ಎಷ್ಟಿರಬಹುದು ಅಂತ. 2020ರಲ್ಲಿ ಅಲ್ಲಿನ ಸಂಸತ್ತು ಒಂದು ಸಡಿಲ ಪ್ರಸ್ತಾವವನ್ನ ತಿರಸ್ಕರಿಸಿತ್ತು. ಅದೆಲ್ಲ ತಲೆಯಲ್ಲಿ ಇತ್ತಲ್ಲ, ಕೇಳೇಬಿಟ್ಟೆ.

"ಇದನ್ನ ಏನ್ ಮಾಡ್ತಾರೆ ಅಣ್ಣ?"

"ಪುಡಿ ಮಾಡ್ತಾರೆ ಸಾರ್," ಅಂದ, ಚೀಲದ ಬಾಯಿ ಕಟ್ತಾ. "ಮತ್ತೆ ಪೈಪೇ ಮಾಡ್ತಾರೆ."